ಹಳೆಯ ರೈಲಿಗೆ ಮೂರನೇ ಊರು

ಟೋಕಿಯೋದಲ್ಲಿ ಹಳೆಯದಾದ ಎಲೆಕ್ಟ್ರಿಕ್ ರೈಲುಗಳು ಗುಜರಿಗೆ ಹೋಗುತ್ತವೆ ಎಂದು ನಿಮ್ಮ ಲೇಖನದಲ್ಲಿ ಓದಿದೆ. ಎಲ್ಲವೂ ಹೋಗುವುದಿಲ್ಲ. ಎಷ್ಟೋ ರೈಲುಗಳು ಸಣ್ಣ ಊರುಗಳಲ್ಲಿ ಮತ್ತೆ ಓಡುತ್ತವೆ. ಅದನ್ನೂ ಹೇಳಬೇಕಿತ್ತು ಅನಿಸಿತು.

ಚಿಬಾ ಪ್ರಾಂತ್ಯದ ಚೋಶಿ ಎಲೆಕ್ಟ್ರಿಕ್ ರೈಲ್ವೆಯನ್ನೇ ನೋಡಿ. ಕಡಲ ಪಕ್ಕದ ಊರು, ಬರೀ 6.4 ಕಿಲೋಮೀಟರ್ ಮಾರ್ಗ. ಅಲ್ಲಿನ 3000 ಸರಣಿಯ ರೈಲು ಮೊದಲು ದುಡಿದದ್ದು ಟೋಕಿಯೋದ ಕೇಯೋ ಎಂಬ ರೈಲು ಕಂಪನಿಯ ಮಾರ್ಗದಲ್ಲಿ. ಆಮೇಲೆ ಶಿಕೋಕು ದ್ವೀಪದ ಮತ್ಸುಯಾಮಾಗೆ ಹೋಯಿತು. ಕೇಯೋದಲ್ಲಿ ಹಳಿಗಳ ನಡುವಿನ ಅಂತರ 1372 ಮಿಲಿಮೀಟರ್, ಮತ್ಸುಯಾಮಾದಲ್ಲಿ 1067. ಹಾಗಾಗಿ ಗಾಲಿಗಳ ಚೌಕಟ್ಟನ್ನೇ ಬದಲಾಯಿಸಬೇಕಾಯಿತು. ಅಲ್ಲಿಯೂ ವರ್ಷಗಟ್ಟಲೆ ಓಡಿ ಕೊನೆಗೆ ಚೋಶಿಗೆ ಬಂತು. ಸುಮ್ನೆ ಬಿಸಾಡೋ ವಸ್ತು ಅಲ್ಲ ಅದು!

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. 2006ರಲ್ಲಿ ಚೋಶಿ ರೈಲ್ವೆ ಕಂಪನಿ ಬಳಿ ರೈಲುಗಳ ತಪಾಸಣೆ, ರಿಪೇರಿಗೂ ದುಡ್ಡಿರಲಿಲ್ಲ. ತಾವು ಮಾಡುವ ನುರೆ ಸೆಂಬೆ ಕೊಂಡುಕೊಳ್ಳಿ ಎಂದು ಜನರನ್ನು ನೇರವಾಗಿ ಕೇಳಿಕೊಂಡರು. ಅದು ಸೋಯಾ ಸಾಸ್‌ನಲ್ಲಿ ಅದ್ದಿದ, ಮೆತ್ತಗಿನ ಅಕ್ಕಿ ಬಿಲ್ಲೆ. ಚೋಶಿ ಸೋಯಾ ಸಾಸ್‌ಗೆ ಹೆಸರಾದ ಊರು, ಅಲ್ವಾ. ದೇಶದ ಮೂಲೆಮೂಲೆಯಿಂದ ಆರ್ಡರ್ ಬಂದವು, ರೈಲು ಉಳಿಯಿತು. ಟಿಕೆಟ್‌ಗಿಂತ ತಿಂಡಿಯಿಂದಲೇ ಅವರಿಗೆ ಜಾಸ್ತಿ ಆದಾಯ. ದಯವಿಟ್ಟು ಇಂಥ ಸಣ್ಣ ಮಾರ್ಗಗಳ ಬಗ್ಗೆಯೂ ಒಂದು ಲೇಖನ ಬರೆಯಿರಿ.