ಮಾರ್ಕೆಟ್ ಹತ್ತಿರದ ಕೋಟೆ ಕೆಂಪೇಗೌಡರದ್ದಾ?
ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ಕಲ್ಲುಕೋಟೆ 1537ರದ್ದು, ಕೆಂಪೇಗೌಡರೇ ಕಟ್ಟಿಸಿದ್ದು ಅಂತ ಒಂದು ಲೇಖನದಲ್ಲಿದೆ. ಆದರೆ ಅವರು ಕಟ್ಟಿಸಿದ್ದು ಮಣ್ಣಿನ ಕೋಟೆ. ಈಗ ಉಳಿದಿರುವ ಕಲ್ಲಿನ ಗೋಡೆ ಹೈದರಾಲಿ ಕಾಲದ್ದು. ಆ ಗೋಡೆಯಲ್ಲಿರುವ ಫಲಕ ನೋಡಿದ್ದೀರಾ? 1791ರ ಮಾರ್ಚ್ 21ರಂದು ಬ್ರಿಟಿಷರು ಇಲ್ಲಿಂದ ನುಗ್ಗಿದರು ಅಂತಷ್ಟೇ ಇದೆ. ಕಟ್ಟಿಸಿದವರ ಬಗ್ಗೆ ಒಂದಕ್ಷರ ಇಲ್ಲ. ಗೆದ್ದವರ ಕಲ್ಲು, ಅಲ್ವಾ! ಆ ಬ್ರಿಟಿಷ್ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಚಿತ್ರಗಳೂ ಹಾಗೇ. ಚೆನ್ನಾಗಿವೆ, ಆದರೆ ಗೆದ್ದವರ ಕಣ್ಣಿಗೆ ಕಂಡಿದ್ದು. ಗೋಡೆ ಎಲ್ಲಿಂದ ಎಲ್ಲಿಗಿತ್ತು ಅನ್ನೋದಕ್ಕೆ ನಾನು ಸೇನೆಯ ನಕ್ಷೆಗಳನ್ನೇ ಜಾಸ್ತಿ ನಂಬುತ್ತೇನೆ. ಫಿರಂಗಿ ಇಡುವವರಿಗೆ ಅಂದಾಜಿನ ಲೆಕ್ಕ ಸಾಲಲ್ಲ. ಬಾಗಿಲಿನ ಕೆತ್ತನೆಗಳಿಗೆ ಮಾತ್ರ ಅಲ್ಲಿಗೇ ಹೋಗಬೇಕು, ಅವು ಯಾವ ನಕ್ಷೆಯಲ್ಲೂ ಸಿಗಲ್ಲ.