ಮೊದಲು ಪೋಡಿ ಮಾಡಿಸಿ, ಆಮೇಲೆ ಪ್ಲಾಟ್ ಮಾರಿ

ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಜಾಹೀರಾತು ಬಂತು. ಐದೈದು ಗುಂಟೆಯ ಫಾರ್ಮ್ ಪ್ಲಾಟ್, ಇವತ್ತೇ ಬುಕ್ ಮಾಡಿ ಅಂತ. ಪ್ಲಾಟ್‌ಗಳು ಹತ್ತಾರು, ಸರ್ವೆ ನಂಬರ್ ಮಾತ್ರ ಒಂದೇ. ಫೋನ್ ಮಾಡಿ ಪೋಡಿ, ಅಂದರೆ ಜಮೀನು ಅಳೆದು ಪ್ರತಿ ಪಾಲನ್ನೂ ದಾಖಲೆಯಲ್ಲಿ ಬೇರೆ ಮಾಡುವ ಕೆಲಸ, ಆಗಿದೆಯಾ ಅಂತ ಕೇಳಿದೆ. “ಜಂಟಿ ಪಹಣಿಯಲ್ಲಿ ನಿಮ್ಮ ಹೆಸರು ಬರುತ್ತೆ ಸಾರ್, ಸಾಕಲ್ವಾ?” ಅಂದರು.

ಸಾಕಾಗುವುದಿಲ್ಲ. ಜಂಟಿ ಪಹಣಿ ನಿಮ್ಮ ಪಾಲು ಎಷ್ಟು ಗುಂಟೆ ಅನ್ನುತ್ತದೆ, ಆ ಗುಂಟೆ ಯಾವ ಬದುವಿನ ಪಕ್ಕ ಇದೆ ಅನ್ನುವುದಿಲ್ಲ. ಐದು ಗುಂಟೆ ಅಂದರೆ 5,445 ಚದರ ಅಡಿ. ಬೋರ್‌ವೆಲ್ ಯಾರದು? ಒಳಗೆ ಹೋಗುವ ದಾರಿ ಯಾರ ಪಾಲಿನಲ್ಲಿ ಹೋಯಿತು? ಸರ್ವೆ ನಂಬರಿನ ಒಂದು ಭಾಗ ಮಾರುವುದಕ್ಕೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು ಅನ್ನುವ ನಿಯಮ ಇರುವುದೇ ಇದಕ್ಕೆ. ಅದನ್ನು ತಪ್ಪಿಸಿಕೊಳ್ಳಲು ‘ಅವಿಭಜಿತ ಪಾಲು’ ಅಂತ ಬರೆದು ಮಾರಿದರೆ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ನೋಡಿ ನಿಲ್ಲಲು ಕೊಂಡವನಿಗೆ ನೆಲವೇ ಇರುವುದಿಲ್ಲ.

ನಮ್ಮ ಮನೆಯ ಕತೆಯನ್ನೇ ನೋಡಿ. ಪಾಲುಪಟ್ಟಿ ಆಯಿತು, ಪಹಣಿಗೆ ಎಲ್ಲರ ಹೆಸರೂ ಬಂತು, ಪೋಡಿ ಇನ್ನೂ ಆಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಸರಿ. ಆದರೆ ನಮ್ಮಕ್ಕ ತನ್ನ ಪಾಲಿನ ಮೇಲೆ ಬೆಳೆ ಸಾಲ ಕೇಳಲು ಹೋದಾಗ, ಸಾಲ ಕೊಡುವವರು ಉಳಿದ ಪಾಲುದಾರರೆಲ್ಲರ ಸಹಿ ತನ್ನಿ ಅಂದರು. ಅವತ್ತು ಅವಳು ಅತ್ತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಕಾನೂನು ಕೊಟ್ಟಿದ್ದು ಅವಳ ಕೈಗೆ ಬಂದೇ ಇಲ್ಲ.

2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ಈಗ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಇದರಿಂದ ರೈತನಿಗೆ ಒಳ್ಳೆ ಬೆಲೆ ಸಿಗುತ್ತದೆ ಅಂತ ಸ್ನೇಹಿತರು ವಾದಿಸುತ್ತಾರೆ. ಯಾವ ರೈತನಿಗೆ? ಪೋಡಿ ಆಗದ ಇಪ್ಪತ್ತು ಗುಂಟೆಯವನಿಗೆ ಬೆಲೆ ಕಟ್ಟುವವನು ದಲ್ಲಾಳಿ. ಕೊಳ್ಳುವವರಿಗೆ ಬಾಗಿಲು ತೆರೆಯಲು ಒಂದು ತಿದ್ದುಪಡಿ ಸಾಕಾಯಿತು. ಇರುವವನ ಜಮೀನಿಗೆ ಗಡಿ ಕಲ್ಲು ನೆಡಲು ಮಾತ್ರ ಸರ್ವೆಯರ್ ಸಿಗುವುದಿಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯ.

ಪ್ಲಾಟ್ ಕೊಳ್ಳುವ ಆಸೆ ಇರುವವರು ಸುಮ್ನೆ ಮುಂಗಡ ಕೊಡಬೇಡಿ. ಹಿಸ್ಸಾ ನಂಬರ್ (ಸರ್ವೆ ನಂಬರಿನೊಳಗಿನ ಪಾಲಿನ ನಂಬರ್) ಕೇಳಿ, 11ಇ ನಕ್ಷೆ ಕೇಳಿ. ಸರ್ಕಾರ ಕೊಟ್ಟ ಜಮೀನಾದರೆ ಮೂಲ ಮಂಜೂರಾತಿ ಆದೇಶವನ್ನೂ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಈಗಾಗಲೇ ಬುಕ್ ಮಾಡಿದವರು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಕಾಗದ ಒಟ್ಟಿಗೆ ನೋಡೋಣ.