ಹಳೇ ಫಿಯಟ್ಟನ್ನು ಡಬ್ಬ ಅನ್ನುವವರಿಗೆ

ಹಳೇ ಕಾರುಗಳ ಮಾತು ಬಂದರೆ ನಮ್ಮಲ್ಲಿ ಹೊಗಳಿಕೆಯೆಲ್ಲ ಅಂಬಾಸಿಡರ್‌ಗೇ ಸಲ್ಲುತ್ತದೆ. ಮಂತ್ರಿಗಳ ಕಾರು, ಕೆಂಪು ದೀಪದ ಕಾರು, ಟ್ಯಾಕ್ಸಿ ಸ್ಟ್ಯಾಂಡಿನ ಕಾರು. ಫಿಯಟ್ ಅಂದರೆ ಮಾತ್ರ "ಅಯ್ಯೋ, ಆ ಡಬ್ಬನಾ" ಅನ್ನುವವರು ಜಾಸ್ತಿ. ಈಚೆಗೆ ಹಳೇ ಪದ್ಮಿನಿಯ (ಫಿಯಟ್‌ಗೇ ಆಮೇಲೆ ಬಂದ ಹೆಸರು) ಫೋಟೋ ಯಾರಾದರೂ ಹಾಕಿದರೆ ಸಾಕು, ಕೆಳಗೆ ಇದೇ ಮಾತು.

ನನಗೆ ಇದು ಸರಿ ಅನ್ನಿಸುವುದಿಲ್ಲ. ಫಿಯಟ್ ಒಳ್ಳೆಯ ಕಾರು. ಮನೆಮಂದಿಯ ಅನುಕೂಲ ನೋಡಿ ಮಾಡಿದ ಕಾರು. ತಪ್ಪು ಆಗಿದ್ದರೆ ಅದು ಬೇರೆ ಕಡೆ ಆಗಿದೆ. ಅದೇ ಕಾರನ್ನು ಹೆಚ್ಚು ಬದಲಾಯಿಸದೆ ಮೂವತ್ತೈದಕ್ಕೂ ಹೆಚ್ಚು ವರ್ಷ ನಮಗೆ ಮಾರಿದರಲ್ಲ, ಅಲ್ಲಿ.

ಮೊದಲು ಕಾರಿನ ಬಗ್ಗೆ ಹೇಳುತ್ತೇನೆ. ನಾವು ಪದ್ಮಿನಿ ಅನ್ನುವುದರ ಮೂಲ ಇಟಲಿಯ ಫಿಯಟ್ 1100. 1953ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಪ್ರದರ್ಶನದಲ್ಲಿ ಮೊದಲ ಸಲ ಹೊರಬಂತು. ಇದರ ಹಿಂದಿದ್ದ ಎಂಜಿನಿಯರ್ ದಾಂತೆ ಜಿಯಾಕೋಸಾ. ಅದಕ್ಕೂ ಮುಂಚಿನ 1100ಕ್ಕೆ ಲಾರಿಗಿರುವ ಹಾಗೆ ಕೆಳಗೊಂದು ಚಾಸಿ, ಅಂದರೆ ಗಟ್ಟಿ ಚೌಕಟ್ಟು, ಅದರ ಮೇಲೆ ಬಾಡಿ. ಹೊಸದರಲ್ಲಿ ಬಾಡಿಯೇ ಚಾಸಿ. ಅದಕ್ಕೇ ಗಾಡಿ ಹಗುರ, ಸುಮಾರು 900 ಕಿಲೋ ಅಷ್ಟೇ. ಮುಂದಿನ ಚಕ್ರಗಳಿಗೆ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಪಟ್ಟಿ. ಯುದ್ಧ ಮುಗಿದು ಎಂಟೇ ವರ್ಷ ಆಗಿತ್ತು. ಇಟಲಿಯ ಜನರ ಕೈಯಲ್ಲಿ ಆಗತಾನೆ ನಾಲ್ಕು ಕಾಸು ಓಡಾಡುತ್ತಿತ್ತು. ಸಂಬಳದವರೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಲಿ ಅಂತ ಮಾಡಿದ ಕಾರು ಇದು.

ಎಂಜಿನ್ ಇನ್ನೂ ಹಳೆಯದು. 1089 ಸಿಸಿ, ನಾಲ್ಕು ಸಿಲಿಂಡರ್. ಇದರ ಮೂಲ ವಿನ್ಯಾಸ 1937ರದ್ದು. ಡಬ್ಬ ಅನ್ನುವವರು ಇನ್ನೊಂದು ವಿಷಯ ತಿಳಿದಿರಲಿ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನವರು ತಮ್ಮ ಸಂಗ್ರಹದಲ್ಲಿ ಚಿಸಿತಾಲಿಯಾ 202 ಅನ್ನುವ ಇಟಲಿಯ ಸ್ಪೋರ್ಟ್ಸ್ ಕಾರನ್ನು ಇಟ್ಟುಕೊಂಡಿದ್ದಾರೆ. ಚೆಲುವಿಗಾಗಿಯೇ ಇಟ್ಟ ಕಾರು. ಅದರ ಎಂಜಿನ್ ಕೂಡ ಈ ಫಿಯಟ್ 1100 ಎಂಜಿನ್ನಿನಿಂದಲೇ ಬೆಳೆದದ್ದು.

ಇಲ್ಲಿ ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಒಂದು ವಿಷಯ ಇದೆ. ಭಾರತದಲ್ಲಿ ಫಿಯಟ್ ಮಾಡಿದ್ದು ಪ್ರೀಮಿಯರ್ ಆಟೋಮೊಬೈಲ್ಸ್. ಅದನ್ನು 1944ರಲ್ಲಿ ಕಟ್ಟಿದವರು ಉದ್ಯಮಿ ವಾಲಚಂದ್ ಹೀರಾಚಂದ್. ಆದರೆ ಈ ದೇಶದಲ್ಲಿ ಕಾರು ಕಾರ್ಖಾನೆ ಬೇಕು ಅಂತ ಅದಕ್ಕಿಂತ ಮೊದಲೇ ಹಟ ಹಿಡಿದವರು ನಮ್ಮ ವಿಶ್ವೇಶ್ವರಯ್ಯನವರು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಆ ಯೋಜನೆಗೆ ವಾಲಚಂದ್ ಕೈಜೋಡಿಸಿದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲೇ ಮಾಡುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಇದೇ ಕಾರಿನ ಕೆಲಸಕ್ಕೆ ಅಮೆರಿಕಕ್ಕೆ ಹೋಗಿ ವಾಪಸ್ ಬರುವಾಗ ವಾಲಚಂದ್ ಅವರಿಗೆ ವಿಮಾನದಲ್ಲಿ ವಿಲಿಯಂ ಪಾಲಿ ಅನ್ನುವ ಅಮೆರಿಕದ ವಿಮಾನ ಉದ್ಯಮಿ ಸಿಕ್ಕರು. ಆ ಪರಿಚಯದಿಂದ, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ, 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಇವತ್ತಿನ ಎಚ್‌ಎಎಲ್. ಕಾರು ಕಾರ್ಖಾನೆ ಮಾತ್ರ ಮುಂಬೈನ ಕುರ್ಲಾಕ್ಕೆ ಹೋಯಿತು. ಆಗ ಅಡ್ಡಿ ಬರದೆ ಇದ್ದಿದ್ದರೆ ಫಿಯಟ್ ನಮ್ಮಲ್ಲೇ ತಯಾರಾಗುತ್ತಿತ್ತೋ ಏನೋ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪ್ರೀಮಿಯರ್‌ನವರು ಮೊದಲು ಡಾಡ್ಜ್, ಪ್ಲಿಮತ್‌ಗಳನ್ನು ಜೋಡಿಸುತ್ತಿದ್ದರು. 50ರ ದಶಕದ ಆರಂಭದಲ್ಲಿ ಫಿಯಟ್ ಜೊತೆ ಒಪ್ಪಂದ ಆಯಿತು. ಮೊದಲು ಬಂದ 1100ರ ಮುಂದಿನ ಬಾಗಿಲು ಉಲ್ಟಾ ತೆರೆಯುತ್ತಿತ್ತು. ಮುಂಬೈಯವರು ಡುಕ್ಕರ್ (ಮರಾಠಿಯಲ್ಲಿ ಹಂದಿ) ಫಿಯಟ್ ಅಂತ ಕರೆದದ್ದು ಅದನ್ನೇ. ಆಮೇಲೆ ಸೆಲೆಕ್ಟ್, ಸೂಪರ್ ಸೆಲೆಕ್ಟ್ ಅನ್ನುವ ಮಾಡೆಲ್‌ಗಳು. 1964ರಲ್ಲಿ ಡಿಲೈಟ್ ಬಂತು. ಹಿಂದೆ ಸಣ್ಣ ರೆಕ್ಕೆ, ಮುಂದೆ ಎರಡು ದುಂಡು ಲೈಟು, ನಮ್ಮ ಕಣ್ಣಿಗೆ ಕಟ್ಟಿದ ಹಾಗಿರುವ ಆ ರೂಪ ಅದೇ. ಸ್ವಲ್ಪ ಕಾಲ ಪ್ರೆಸಿಡೆಂಟ್ ಅನ್ನುವ ಹೆಸರು, 1974ರಿಂದ ಪದ್ಮಿನಿ. ಬಾನೆಟ್ ಮೇಲೆ ಯಾವ ಹೆಸರು ಇದ್ದರೂ ನಮ್ಮ ಜನಕ್ಕೆ ಅದು ಫಿಯಟ್ಟೇ.

ಫ್ಯಾಮಿಲಿ ಕಾರು ಅಂತ ಸುಮ್ನೆ ಹೇಳುತ್ತಿಲ್ಲ. ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಬಿಳಿ ಪದ್ಮಿನಿ ಇತ್ತು. ಮುಂದಿನ ಸೀಟು ಒಂದೇ ಉದ್ದದ್ದು, ಬೆಂಚಿನ ಹಾಗೆ. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲಿ. ಹಾಗಾಗಿ ಮುಂದೆ ನಡುವೆ ಕಾಲಿಗೆ ಏನೂ ಅಡ್ಡ ಇಲ್ಲ. ಚಿಕ್ಕಪ್ಪ ಓಡಿಸಬೇಕು, ಕಿಟಕಿ ಪಕ್ಕ ಅಜ್ಜಿ, ನಡುವೆ ಒಬ್ಬ ಹುಡುಗ. ಆ ನಡುವಿನ ಜಾಗಕ್ಕೆ ನಾವು ಮಕ್ಕಳು ಜಗಳ ಆಡುತ್ತಿದ್ದೆವು. ಹಿಂದೆ ಚಿಕ್ಕಮ್ಮ, ಅಮ್ಮ, ಉಳಿದ ಮಕ್ಕಳು ತೊಡೆಯ ಮೇಲೆ. ಅಜ್ಜಿಗೆ ಸೀಟಿನ ಎತ್ತರ ಹಿಡಿಸಿತ್ತು. ತೀರಾ ಬಗ್ಗಬೇಕಿಲ್ಲ, ತೀರಾ ಹತ್ತಬೇಕಿಲ್ಲ. ಮುಂದಿನ ಬಾಗಿಲಿನ ಮೂಲೆಯಲ್ಲಿ ಒಂದು ತ್ರಿಕೋನದ ಸಣ್ಣ ಗಾಜು. ಅದನ್ನು ಸ್ವಲ್ಪ ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬರುತ್ತಿತ್ತು. ಮೈಸೂರಿನಿಂದ ಧರ್ಮಸ್ಥಳಕ್ಕೆ ಹೋಗುವಾಗ ವಾಂತಿ ಬರುವ ಮಕ್ಕಳನ್ನು ಆ ಗಾಜಿನ ಪಕ್ಕವೇ ಕೂರಿಸುತ್ತಿದ್ದರು. ಈಗಿನ ಕಾರುಗಳಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಎಸಿ ಇದ್ದರೂ ನನಗೆ ಅದು ನಷ್ಟ ಅನ್ನಿಸುತ್ತದೆ.

ಓಡಿಸುವವರಿಗೆ ಇದು ಸ್ವಲ್ಪ ಕಲಿಸುವ ಕಾರು. ಫಸ್ಟ್ ಗೇರಿಗೆ ಸಿಂಕ್ರೋಮೆಶ್, ಅಂದರೆ ಗೇರಿನ ಹಲ್ಲುಗಳ ವೇಗ ಹೊಂದಿಸಿ ಸಲೀಸಾಗಿ ಕೂರಿಸುವ ಭಾಗ, ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಫಸ್ಟ್ ಹಾಕಬೇಕು. ಅವಸರ ಮಾಡಿದರೆ ಕರ್ ಅಂತ ಹಲ್ಲು ಕಡಿಯುತ್ತದೆ. ಎಂಜಿನ್ ಶಕ್ತಿ ಸುಮಾರು 40 ಎಚ್‌ಪಿ ಅಷ್ಟೇ ಇರುವುದರಿಂದ ಏರು ಕಾಣುವ ಮೊದಲೇ ಯಾವ ಗೇರಿನಲ್ಲಿ ಹತ್ತಬೇಕು ಅಂತ ಲೆಕ್ಕ ಹಾಕಬೇಕು. ಚಿಕ್ಕಪ್ಪ ಈ ಲೆಕ್ಕದಲ್ಲಿ ಗಟ್ಟಿ. ಆದರೂ ಬೇಸಿಗೆಯಲ್ಲಿ ಶಿರಾಡಿ ಘಾಟಿ ಏರುವಾಗ ಒಂದೊಂದು ಸಲ ಗಾಡಿ ಮುಕ್ಕರಿಸಿ ನಿಲ್ಲುತ್ತಿತ್ತು. ಕಾರಣ ಸರಳ. ಪೆಟ್ರೋಲ್ ಎಳೆಯುವ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಎಂಜಿನ್ ಕಾದರೆ ಪಂಪೂ ಕಾಯುತ್ತದೆ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪಂಪಿಗೆ ಆವಿ ಎಳೆಯಲು ಬರುವುದಿಲ್ಲ. ಚಿಕ್ಕಪ್ಪ ಇಳಿದು ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ, "ಹತ್ತು ನಿಮಿಷ ಎಲ್ಲರೂ ಕೆಳಗಿಳಿದು ಕಾಲು ಚಾಚಿಕೊಳ್ಳಿ" ಅನ್ನುತ್ತಿದ್ದರು. ಚಿಕ್ಕಮ್ಮ ಚಕ್ಕುಲಿ ಡಬ್ಬಿ ತೆಗೆಯುತ್ತಿದ್ದರು. ಗಾಡಿ ತಣ್ಣಗಾಗಿ ಮತ್ತೆ ಸ್ಟಾರ್ಟ್ ಆಗುತ್ತಿತ್ತು.

ಪಾಯಿಂಟ್ ಉಜ್ಜುವುದಂತೂ ಆಗ ಫಿಯಟ್ ಇದ್ದ ಬಹಳ ಮನೆಗಳಲ್ಲಿ ಗೊತ್ತಿತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳದ ಎರಡು ಕ್ಲಿಪ್ ಬಿಚ್ಚಬೇಕು. ಒಳಗೆ ಎರಡು ಪುಟ್ಟ ಲೋಹದ ತುದಿಗಳು. ಅವು ಸೇರಿ ಬಿಟ್ಟಾಗಲೇ ಪ್ಲಗ್ಗಿಗೆ ಕಿಡಿ. ಸುಟ್ಟು ಕಪ್ಪಾಗಿದ್ದರೆ ಸಣ್ಣ ಸ್ಯಾಂಡ್ ಪೇಪರ್ ಮಡಚಿ ನಡುವೆ ಎರಡು ಸಲ ಎಳೆದರೆ ಆಯಿತು. ಗ್ಯಾಪ್ ನೋಡಲು ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತಿದ್ದರು. ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ಒಂದು ತುಂಡು ಸ್ಯಾಂಡ್ ಪೇಪರ್ ಇದ್ದರೆ ಮನೆಯವರೇ ಗಾಡಿಯನ್ನು ಊರಿಗೆ ಮುಟ್ಟಿಸಬಹುದಿತ್ತು. ಮನೆಮಂದಿ ಕೂರುವ ಕಾರಿಗೆ ಇದಕ್ಕಿಂತ ದೊಡ್ಡ ಗುಣ ಯಾವುದು ಹೇಳಿ.

ಬ್ರೇಕಿನ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ನಾಲ್ಕೂ ಚಕ್ರಕ್ಕೆ ಹಳೇ ಥರದ ಡ್ರಮ್ ಬ್ರೇಕ್. ಮಳೆಯಲ್ಲಿ ನೀರು ಹೊಕ್ಕರೆ ಹಿಡಿಯುವುದೇ ಇಲ್ಲ. ಸೀಟ್ ಬೆಲ್ಟ್ ಇಲ್ಲದೆ, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದ ಆ ಕಾಲ ಮತ್ತೆ ಬರಬೇಕು ಅಂತ ನಾನು ಖಂಡಿತ ಹೇಳುವುದಿಲ್ಲ.

ಆದರೆ ಈ ಬ್ರೇಕಿನಲ್ಲೇ ನನ್ನ ಮುಖ್ಯ ತಕರಾರು ಇದೆ. ಇಟಲಿಯಲ್ಲಿ ಫಿಯಟ್‌ನವರು ಈ ಕಾರನ್ನು ಹಾಗೇ ಬಿಡಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ತಿದ್ದಿದರು. 1962ರ 1100 ಡಿ ಮಾಡೆಲ್‌ಗೆ ದೊಡ್ಡ ಎಂಜಿನ್ ಕೊಟ್ಟರು, 1221 ಸಿಸಿ. 1966ರ 1100 ಆರ್‌ಗೆ ಮುಂದೆ, ನೀರಿಗೆ ಅಷ್ಟು ಹೆದರದ ಡಿಸ್ಕ್ ಬ್ರೇಕ್ ಬಂತು, ಗೇರ್ ನೆಲಕ್ಕೆ ಇಳಿಯಿತು. 1969ರಲ್ಲಿ ಕಾರನ್ನೇ ನಿಲ್ಲಿಸಿ ಫಿಯಟ್ 128 ತಂದರು. ಹದಿನಾರು ವರ್ಷದಲ್ಲಿ ಅವರ ಕಥೆ ಮುಗಿಯಿತು. ನಮಗೆ ಸಿಕ್ಕಿದ್ದು 1100 ಡಿಯ ಬಾಡಿ, ಅದರೊಳಗೆ ಅದೇ ಹಳೇ 1089 ಸಿಸಿ ಎಂಜಿನ್. ಅದನ್ನೇ 1964ರಿಂದ 2000ದ ಆಸುಪಾಸಿನವರೆಗೆ ಮಾಡಿದರು. ನೆಲದ ಗೇರ್ ಬರುವ ಹೊತ್ತಿಗೆ 90ರ ದಶಕ.

ಇದಕ್ಕೆ ಕಂಪನಿ ಒಂದನ್ನೇ ಬೈದರೆ ಸಾಲದು. ಎಷ್ಟು ಕಾರು ಮಾಡಬೇಕು ಅಂತ ಸರ್ಕಾರದ ಲೈಸೆನ್ಸ್ ಹೇಳುತ್ತಿತ್ತು. ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿತು, ಅದರ ವಿರುದ್ಧ ಕಂಪನಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋದವು. ಹೊಸ ಮಾಡೆಲ್ ತರಲು ವಿದೇಶಿ ಹಣ ಸಿಗುತ್ತಿರಲಿಲ್ಲ. ಹೊರಗಿನವರು ಬರುವ ಹಾಗಿರಲಿಲ್ಲ. ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್, ಮೂರೇ ಮೂರು. ಗಿರಾಕಿ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ. ಮಾಡಿದ್ದೆಲ್ಲ ಖರ್ಚಾಗುವಾಗ ಬ್ರೇಕ್ ಬದಲಾಯಿಸಲು ಯಾರಿಗೆ ಅವಸರ? 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಜನಕ್ಕೆ ಬೇರೆ ದಾರಿ ಕಂಡಿತು. ಕಾದೂ ಕಾದೂ ಬೇಸತ್ತ ಸಿಟ್ಟೆಲ್ಲ ಫಿಯಟ್ ಮೇಲೆ ತಿರುಗಿತು. ಡಬ್ಬ ಅನ್ನುವ ಮಾತು ಹುಟ್ಟಿದ್ದು ಆ ಸಿಟ್ಟಿನಲ್ಲೇ ಅಂತ ನನಗನ್ನಿಸುತ್ತದೆ.

ಅದು ಒಂದು ಕಾಲಕ್ಕೆ ಎಂಥ ದೊಡ್ಡ ವಸ್ತು ಅನ್ನುವುದಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಫಿಯಟ್ ಸಾಕು. 1964ರ ಕಾರು, ಬೆಲೆ 12,000 ರೂಪಾಯಿ. ದೇಶದ ಪ್ರಧಾನಿಯ ಹತ್ತಿರ ಅಷ್ಟು ದುಡ್ಡಿರಲಿಲ್ಲ. 5,000 ರೂಪಾಯಿಯನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತೆಗೆದರು. 1966ರ ಜನವರಿಯಲ್ಲಿ ತೀರಿಕೊಂಡಾಗ ಸಾಲ ಬಾಕಿ ಇತ್ತು. ಅವರ ಪತ್ನಿ ಲಲಿತಾ ಶಾಸ್ತ್ರಿ ಅದನ್ನು ಪಿಂಚಣಿಯಿಂದ ತೀರಿಸಿದರು. ಆ ಕಾರು ಈಗ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ.

ಮುಂಬೈನಲ್ಲಿ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯಾಗಿ ಫಿಯಟ್ ಇನ್ನೂ ಹೆಚ್ಚು ದಿನ ಬಾಳಿತು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. 2003ರ ಅಕ್ಟೋಬರ್ 29ರಂದು ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿತ್ತು. 2023ರ ಅಕ್ಟೋಬರ್ 30ಕ್ಕೆ ಎಲ್ಲ ಮುಗಿಯಿತು.

ಈಗ ಉಳಿದಿರುವುದು ಖಾಸಗಿಯವರ ಮನೆಗಳಲ್ಲಿ. ಇವುಗಳ ಬಗ್ಗೆ ನನಗೆ ಚಿಂತೆ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಹೊಸ ನಿಯಮ ತಂದಿತು. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಇದ್ದರೆ 20,000 ರೂಪಾಯಿ ಕಟ್ಟಿ ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಮೊದಲ ಪದ್ಮಿನಿಗಳೂ ಈಗ ಈ ಸಾಲಿಗೆ ಬಂದಿವೆ. ಗುರುತಿಸಿದ್ದು ಸಂತೋಷ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಅರಮನೆಯ ರೋಲ್ಸ್ ರಾಯ್ಸ್‌ಗೆ ಇದು ಸರಿ. ಫಿಯಟ್ಟಿಗೆ ಸರಿಯಲ್ಲ. ಅದು ಭಾನುವಾರ ಮಾರ್ಕೆಟ್ಟಿಗೆ, ಸಂಜೆ ದೇವಸ್ಥಾನಕ್ಕೆ ಹೋಗಿ ಬರಬೇಕಾದ ಕಾರು. ಓಡದೆ ನಿಂತರೆ ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ರಬ್ಬರ್ ಒಣಗುತ್ತದೆ, ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ.

ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಯುತ್ತೇನೆ ಅಂದರೆ ಹದಿನೈದು ವರ್ಷದ ನಂತರ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ 600 ರೂಪಾಯಿ ಇದ್ದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 5,000 ಮಾಡಿದರು. ಹೊಗೆ ಕಾರುವ, ಬ್ರೇಕ್ ಇಲ್ಲದ ಗಾಡಿ ರಸ್ತೆಯಲ್ಲಿ ಬೇಡ, ಒಪ್ಪುತ್ತೇನೆ. ತಿಂಗಳಿಗೆ ನೂರು ಕಿಲೋಮೀಟರ್ ಕೂಡ ಓಡದ, ಪರೀಕ್ಷೆಯಲ್ಲಿ ಪಾಸಾಗುವ ಗಾಡಿಗೆ ಇಷ್ಟು ಭಾರ ಯಾಕೆ? ವಿಂಟೇಜ್ ನೋಂದಣಿ ಇದ್ದವರಿಗೂ ವರ್ಷಕ್ಕೆ ಇಷ್ಟು ಕಿಲೋಮೀಟರ್ ಅಂತ ಮಿತಿ ಇಟ್ಟು ಓಡಿಸಲು ಬಿಡಲಿ. ಇದೇನು ದೊಡ್ಡ ಬೇಡಿಕೆ ಅಲ್ಲ.

ನಿಮ್ಮ ಮನೆಯ ಶೆಡ್ಡಿನಲ್ಲೋ, ಊರಿನ ಕೊಟ್ಟಿಗೆಯ ಪಕ್ಕದಲ್ಲೋ ಒಂದು ಫಿಯಟ್ ನಿಂತಿದ್ದರೆ ದಯವಿಟ್ಟು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಮೊದಲು ಆರ್‌ಸಿ (ನೋಂದಣಿ ಪತ್ರ) ಎಲ್ಲಿದೆ ಹುಡುಕಿ. ಕಾಗದ ಇಲ್ಲದಿದ್ದರೆ ಗಾಡಿ ಎಷ್ಟು ಚೆನ್ನಾಗಿದ್ದರೂ ತೆಗೆದುಕೊಳ್ಳುವವರಿಗೆ ತೊಂದರೆ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸದೆ, ಬ್ರೇಕ್ ತೋರಿಸದೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸ್ಪೇರ್ಸ್ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಕೇಳಿ ನೋಡಿ. ಟಿಂಕರಿಂಗ್‌ಗೆ ಹಳೇ ಮೇಸ್ತ್ರಿಗಳನ್ನೇ ಹುಡುಕಿ, ಅವರ ಕೈ ಇನ್ನೂ ಆಡುತ್ತಿರುವಾಗಲೇ. ನಿಮಗೆ ಇಟ್ಟುಕೊಳ್ಳಲು ಆಗದಿದ್ದರೆ ಓಡಿಸುವ ಮನಸ್ಸಿರುವವರಿಗೆ ಕೊಡಿ. ಯಾವ ಊರು, ಯಾವ ಇಸವಿ, ಬಾಡಿ ಹೇಗಿದೆ ಅಂತ ಕೆಳಗೆ ಬರೆದರೆ ಆಸಕ್ತಿ ಇರುವವರು ಇಲ್ಲೇ ನೋಡುತ್ತಾರೆ.